ಹೊಲ ಮಟ್ಟ ಮಾಡಿಸಲು ಡೋಜರ್ ಕರೆಸುವ ಮುನ್ನ

ಗಂಟೆ ದರ ಕಡಿಮೆ ಅಂತ ಚಿಕ್ಕ ಡೋಜರ್ ಒಪ್ಪಬೇಡಿ. 8-9 ಟನ್ನಿನದು ಮನೆ ಸೈಟಿಗೆ, ತೋಟದ ದಾರಿಗೆ ಸಾಕು. ಗಟ್ಟಿ ನೆಲ, ಎಕರೆಗಟ್ಟಲೆ ಕೆಲಸ ಅಂದರೆ 20 ಟನ್ ಆಸುಪಾಸಿನದೇ ಬೇಕು, ಹಿಂದೆ ಗಟ್ಟಿ ನೆಲ ಸೀಳುವ ಕೊಕ್ಕೆ (ರಿಪ್ಪರ್) ಇರಲಿ.

ಡೋಜರ್ ಚೈನ್ ಗಾಡಿ, ಟ್ರೈಲರ್ ಮೇಲೆ ಬರಬೇಕು. ಆ ಬಾಡಿಗೆ, ಡೀಸೆಲ್ ಯಾರದು ಅಂತ ಮೊದಲೇ ಮಾತಾಡಿ. ಇಂಜಿನ್ ಓಡಿದ ಗಂಟೆ ತೋರಿಸುವ ಮೀಟರ್ (ಅವರ್ ಮೀಟರ್) ಫೋಟೊ ತೆಗೆದಿಡಿ. ಇಂಜಿನ್ ಸುಮ್ಮನೆ ಓಡುತ್ತಿದ್ದರೂ ಅದು ಏರುತ್ತದೆ. ಮಣ್ಣನ್ನು 100 ಮೀಟರ್‌ಗಿಂತ ದೂರ ತಳ್ಳಿಸುವುದು ದಂಡ, ಟಿಪ್ಪರ್ ಲೆಕ್ಕ ಹಾಕಿ.

ಎಲ್ಲಕ್ಕಿಂತ ಮುಖ್ಯ: ಮೇಲಿನ ಅರ್ಧ ಅಡಿ ಮಣ್ಣು ಬೇರೆ ರಾಶಿ ಹಾಕಿಸಿ, ಕೊನೆಗೆ ಮತ್ತೆ ಹರಡಿಸಿ. ಗಂಟೆ ಹೆಚ್ಚಾದರೂ ಪರವಾಗಿಲ್ಲ, ಕೆಳಗಿನ ಗೊರಚು ಮಣ್ಣಲ್ಲಿ ಬೆಳೆ ಏಳೋದಿಲ್ಲ.

ಹೊಸದಾಗಿ ಓಡಿಸಲು ಕಲಿಯುವವರೇ, ಹಲವು ಡೋಜರ್‌ಗಳಲ್ಲಿ ವೇಗದ ಪೆಡಲ್ ಒತ್ತಿದರೆ ಇಂಜಿನ್ ವೇಗ ಇಳಿಯುತ್ತದೆ, ಟ್ರ್ಯಾಕ್ಟರ್‌ಗೆ ತದ್ವಿರುದ್ಧ.