ನಿಂತ ವಿಮಾನದಿಂದ ಶುರು ಮಾಡಿ: ನಿಲ್ದಾಣದ ನೆಲದ ಮೇಲೆ ಇಂಗಾಲ ತಗ್ಗಿಸುವ ಕೆಲಸ

ವಿಮಾನ ಗೇಟಿಗೆ ಬಂದು ನಿಂತು ದೊಡ್ಡ ಎಂಜಿನ್‌ಗಳು ಆರಿದ ಮೇಲೂ ಬಾಲದೊಳಗಿನ ಪುಟ್ಟ ಟರ್ಬೈನ್ ಒಂದು ಉರಿಯುತ್ತಲೇ ಇರುತ್ತದೆ. ಅದೇ ಎಪಿಯು, ಅಂದರೆ ಸಹಾಯಕ ವಿದ್ಯುತ್ ಘಟಕ. ದೀಪ, ಕಾಕ್‌ಪಿಟ್ ಪರದೆ, ಎಸಿ ಎಲ್ಲವೂ ಅದರ ಮೇಲೆಯೇ ನಡೆಯುತ್ತವೆ. ಏರ್‌ಬಸ್ ಎ320 ಗಾತ್ರದ ವಿಮಾನದಲ್ಲಿ ಅದು ಗಂಟೆಗೆ ಸುಮಾರು 110 ಕೆಜಿ ಇಂಧನ ಕುಡಿಯುತ್ತದೆ. 1 ಕೆಜಿ ಜೆಟ್ ಇಂಧನ ಉರಿದರೆ 3.16 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಗಂಟೆಗೆ ಹೆಚ್ಚುಕಡಿಮೆ 350 ಕೆಜಿ. ನಿಲ್ದಾಣದ ಹೊಗೆ ಇಳಿಸಲು ಹೊರಟವರು ಮೊದಲು ಕೈಹಾಕಬೇಕಾದದ್ದು ಇಲ್ಲಿಗೆ.

ಎಪಿಯು ಆರಿಸಲು ಎರಡು ವ್ಯವಸ್ಥೆ ಬೇಕು. ಒಂದು, 400 ಹರ್ಟ್ಸ್, 115 ವೋಲ್ಟ್‌ನ ನೆಲದ ವಿದ್ಯುತ್. ನ್ಯಾರೋಬಾಡಿ, ಅಂದರೆ ಒಂದೇ ನಡುದಾರಿಯ ವಿಮಾನಕ್ಕೆ 90 ಕೆವಿಎ ಸಾಮರ್ಥ್ಯದ ಒಂದು ಕೇಬಲ್ ಸಾಕು, ಬೋಯಿಂಗ್ 777ಕ್ಕೆ ಎರಡು. ಇನ್ನೊಂದು, ದಪ್ಪ ಹೋಸಿನ ಮೂಲಕ ಕ್ಯಾಬಿನ್‌ಗೆ ತಂಪು ಅಥವಾ ಬಿಸಿ ಗಾಳಿ ಕೊಡುವ ಪಿಸಿಎ ಯಂತ್ರ. ಎರಡನ್ನೂ ಒಟ್ಟಿಗೇ ಅಳವಡಿಸಿ. ಬರೀ ವಿದ್ಯುತ್ ಕೊಟ್ಟು ಗಾಳಿ ಬಿಟ್ಟರೆ, ಸೆಕೆಯ ದಿನ ಪೈಲಟ್ ಎಸಿಗಾಗಿ ಎಪಿಯು ಹಚ್ಚಿಯೇ ಇಡುತ್ತಾರೆ. ಹಾಕಿದ ದುಡ್ಡು ನೀರುಪಾಲು.

‘ಆ ಕರೆಂಟೂ ಕಲ್ಲಿದ್ದಲಿನದ್ದೇ ಅಲ್ಲವೇ’ ಎಂಬ ಆಕ್ಷೇಪ ಬಂದೇ ಬರುತ್ತದೆ. ಲೆಕ್ಕ ಹಾಕಿ ತೋರಿಸಿ. ವಿದ್ಯುತ್ತೂ ಗಾಳಿಯೂ ಸೇರಿ 100 ಕಿಲೋವ್ಯಾಟ್ ಎಳೆಯುತ್ತವೆ ಎಂದುಕೊಳ್ಳೋಣ. ಯೂನಿಟ್ಟಿಗೆ 0.8 ಕೆಜಿ ಹೊಗೆಯ ಕೊಳಕು ಗ್ರಿಡ್ ಆದರೂ ಗಂಟೆಗೆ 80 ಕೆಜಿ ಆಯಿತು. 350ರ ಕಾಲುಭಾಗಕ್ಕಿಂತಲೂ ಕಡಿಮೆ. ಎಪಿಯು ಅಷ್ಟೊಂದು ದುಂದು ಯಂತ್ರ.

ಯಂತ್ರ ಕೂರಿಸಿಯೂ ಬಳಕೆಯಾಗದೆ ಉಳಿಯುವುದೇ ಈ ಕೆಲಸದ ದೊಡ್ಡ ಸೋಲು. ಅದಕ್ಕೆ ಕಾರಣಗಳು ತೀರಾ ಸಣ್ಣವು. ಕೇಬಲ್ಲಿನ ತುದಿಯಲ್ಲಿ ಆರು ರಂಧ್ರಗಳಿರುತ್ತವೆ: ನಾಲ್ಕು ದೊಡ್ಡವು, ಎರಡು ಸಣ್ಣವು. ಆ ಸಣ್ಣವು ಇಂಟರ್‌ಲಾಕ್‌ನವು. ವಿಮಾನ ‘ಸಿಕ್ಕಿಸಿದೆ’ ಎಂದು ತಿಳಿಸದಿದ್ದರೆ ವಿದ್ಯುತ್ ಹರಿಯದು. ದಿನಕ್ಕೆ ಹತ್ತಾರು ಸಲ ಸಿಕ್ಕಿಸಿ ಕಿತ್ತು, ನೆಲಕ್ಕೆ ಬಿಸಾಡಿ ಅವು ಸಡಿಲವಾಗುತ್ತವೆ. ಪ್ರಯಾಣಿಕರು ಹತ್ತುತ್ತಿರುವಾಗ ವಿದ್ಯುತ್ ಒಮ್ಮೆ ಕೈಕೊಟ್ಟರೆ ಸಾಕು, ಆ ಪೈಲಟ್ ಮುಂದಿನ ಸಲ ನೆಲದ ಕೇಬಲ್ ನಂಬುವುದಿಲ್ಲ. ಆದ್ದರಿಂದ ಕನೆಕ್ಟರ್ ತುದಿಯನ್ನು ಸವೆಯುವ ಬಿಡಿಭಾಗವೆಂದೇ ಎಣಿಸಿ. ತಿಂಗಳಿಗೊಮ್ಮೆ ಹಿಡಿತ ಪರೀಕ್ಷಿಸಿ, ಕಪ್ಪಾದದ್ದನ್ನೂ ಸಡಿಲವಾದದ್ದನ್ನೂ ಅಂದೇ ಬದಲಿಸಿ. ದೊಡ್ಡ ರಂಧ್ರ ಸಡಿಲವಾದರೆ ಕಾಯ್ದು ವಿಮಾನದ ಕಡೆಯ ಪಿನ್ನನ್ನೂ ಸುಡುತ್ತದೆ.

ಪಿಸಿಎಯಲ್ಲಿ ಎಡವಟ್ಟಾಗುವುದು ಹೋಸಿನಲ್ಲಿ. ಯಂತ್ರದ ಬಾಯಲ್ಲಿ ಥರ್ಮಾಮೀಟರ್ ಇಟ್ಟು ‘ತಂಪಾಗಿದೆ’ ಎಂದು ಬರೆದುಕೊಂಡರೆ ಪ್ರಯೋಜನವಿಲ್ಲ. ವಿಮಾನಕ್ಕೆ ಸೇರುವ ತುದಿಯಲ್ಲಿ ಅಳೆಯಿರಿ. ಅಗತ್ಯಕ್ಕಿಂತ ಉದ್ದದ ಹೋಸ್ ಕಾದ ಏಪ್ರನ್ (ವಿಮಾನ ನಿಲ್ಲುವ ಅಂಗಳ) ಮೇಲೆ ಹಾವಿನಂತೆ ಬಿದ್ದಿದ್ದರೆ ತಂಪು ದಾರಿಯಲ್ಲೇ ಕರಗುತ್ತದೆ, ಮಡಿಕೆ ಬಿದ್ದ ಕಡೆ ಗಾಳಿಯ ಹರಿವು ಕುಗ್ಗುತ್ತದೆ. ಹೋಸನ್ನು ಬೇಕಾದಷ್ಟೇ ಬಿಚ್ಚಿ, ನೇರ ಎಳೆದು, ಹರಿದ ಹೊಲಿಗೆ ರಿಪೇರಿ ಮಾಡಿಸಿ. ಇಳಿಯುವ ಪ್ರಯಾಣಿಕರಿಂದ ಕಿಟಕಿ ಪರದೆ ಮುಚ್ಚಿಸುವುದು ಖರ್ಚಿಲ್ಲದ ಉಪಾಯ, ಪಿಸಿಎಯ ಹೊರೆ ನಿಜಕ್ಕೂ ಇಳಿಯುತ್ತದೆ.

ಇದಾದ ಮೇಲೆ ಅಳತೆ. ಚಕ್ರ ಉರುಳದಂತೆ ತಡೆಯುವ ಚೋಕ್ ಇಟ್ಟ ಸಮಯಕ್ಕೂ ಕೇಬಲ್ ಸಿಕ್ಕಿಸಿದ ಸಮಯಕ್ಕೂ ನಡುವೆ ಎಷ್ಟು ನಿಮಿಷ? 5ರೊಳಗೆ ಎಂಬ ಗುರಿ ಇಡಿ. ವಿಮಾನ ನಿಲ್ಲುವ ಪ್ರತಿ ಸ್ಟ್ಯಾಂಡಿಗೂ ಬೇರೆ ಮೀಟರ್ ಹಾಕಿಸಿ, ಬಳಕೆಯ ನಿಮಿಷಗಳನ್ನು ವಿಮಾನ ನಿಂತ ನಿಮಿಷಗಳಿಂದ ಭಾಗಿಸಿ, ಪ್ರತಿ ಏರ್‌ಲೈನ್‌ಗೂ ಅದರದೇ ಅಂಕಿ ಕಳಿಸಿ. ಪಕ್ಕದ ಕಂಪನಿಗಿಂತ ಹಿಂದಿದ್ದೇವೆ ಎಂದು ತಿಳಿದಾಗ ಆಗುವ ಕೆಲಸ ಸುತ್ತೋಲೆಯಿಂದ ಆಗುವುದಿಲ್ಲ.

ಮುಂದಿನ ಹೊಗೆ ಗೇಟಿಗೂ ರನ್‌ವೇಗೂ ನಡುವಿನ ದಾರಿಯಾದ ಟ್ಯಾಕ್ಸಿವೇಯಲ್ಲಿ. ಎರಡೂ ಎಂಜಿನ್ ಹಚ್ಚಿ ರನ್‌ವೇ ಸರದಿಯಲ್ಲಿ ನಿಂತ ನ್ಯಾರೋಬಾಡಿ ನಿಮಿಷಕ್ಕೆ 10-12 ಕೆಜಿ ಇಂಧನ ಸುಡುತ್ತದೆ. ಸರದಿಯನ್ನು ಗೇಟಿನಲ್ಲೇ ಕಾಯಿಸುವುದು ಒಳ್ಳೆಯ ಮದ್ದು. ನಿಲ್ದಾಣ, ಏರ್‌ಲೈನ್, ವಾಯು ಸಂಚಾರ ನಿಯಂತ್ರಣ ಮಾಹಿತಿ ಹಂಚಿಕೊಂಡು ನಿರ್ಧರಿಸುವ ಎ-ಸಿಡಿಎಂ ಪದ್ಧತಿಯಲ್ಲಿ ಪ್ರತಿ ವಿಮಾನಕ್ಕೂ ಎಂಜಿನ್ ಹಚ್ಚುವ ಗುರಿ ಸಮಯ ಕೊಡುವುದು ಇದಕ್ಕೇ. ಅದನ್ನು ಹಾಳುಮಾಡುವುದು ಸಮಯಪಾಲನೆಯ ಲೆಕ್ಕ. ಗೇಟು ಬಿಟ್ಟ ಕ್ಷಣವನ್ನೇ ‘ಹೊರಟಿತು’ ಎಂದು ಎಣಿಸುವ ಏರ್‌ಲೈನ್, ಸರದಿ ಎಷ್ಟೇ ಉದ್ದವಿರಲಿ, ಹೊರಗೆ ತಳ್ಳಿಸಿಕೊಳ್ಳಲು ಒತ್ತಾಯಿಸುತ್ತದೆ. ಬಾಗಿಲು ಮುಚ್ಚಿ ಸಿದ್ಧವಾದ ಕ್ಷಣವನ್ನು ಎಣಿಕೆಗೆ ತನ್ನಿ. ಒಂದೇ ಎಂಜಿನ್‌ನಲ್ಲಿ ಸಾಗುವುದನ್ನು ಇಳಿದ ವಿಮಾನಗಳಿಂದ ಆರಂಭಿಸಿ: ಸಾಮಾನ್ಯವಾಗಿ 3 ನಿಮಿಷ ತಣಿದ ಮೇಲೆ ಒಂದನ್ನು ಆರಿಸಬಹುದು. ಹೊರಡುವಾಗ ಬೆಚ್ಚಗಾಗುವ ನಿಮಿಷಗಳು, ಏರು, ಒದ್ದೆ ನೆಲ, ಭಾರ ಎಲ್ಲವನ್ನೂ ನೋಡಬೇಕು. ನಿರ್ಧಾರ ಯಾವಾಗಲೂ ಪೈಲಟ್‌ನದ್ದೇ.

ಏಪ್ರನ್ ವಾಹನಗಳಲ್ಲಿ ಲಗೇಜ್ ಟ್ರ್ಯಾಕ್ಟರ್ ಮತ್ತು ಬೆಲ್ಟ್ ಲೋಡರ್ ಮೊದಲು ವಿದ್ಯುತ್ತಿಗೆ ಬರಲಿ. ಹತ್ತಿರದ ಓಟ, ನಿಂತು ನಿಂತು ಹೋಗುವ ಕೆಲಸ, ಬ್ಯಾಟರಿಗೆ ಹೇಳಿಮಾಡಿಸಿದ್ದು. ವಿಮಾನವನ್ನು ಹಿಂದಕ್ಕೆ ತಳ್ಳುವ ಪುಶ್‌ಬ್ಯಾಕ್ ಟಗ್ ನಂತರ, ದೊಡ್ಡ ಕಾರ್ಗೋ ಲೋಡರ್ ಆಮೇಲೆ, ಅಗ್ನಿಶಾಮಕ ವಾಹನ ಕೊನೆಗೆ. 1 ಲೀಟರ್ ಡೀಸೆಲ್ ಉಳಿದರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್ ಉಳಿಯಿತು. ಚಾರ್ಜರ್‌ಗಳನ್ನು ದೂರದ ಡಿಪೋದಲ್ಲಿ ಗುಂಪಾಗಿ ಕೂರಿಸುವ ತಪ್ಪು ಮಾಡಬೇಡಿ. ಚಾಲಕ ಎರಡು ವಿಮಾನಗಳ ನಡುವಿನ 20 ನಿಮಿಷದಲ್ಲಿ ಸಿಕ್ಕಿಸಬೇಕು, ಅದಕ್ಕೆ ಸ್ಟ್ಯಾಂಡಿನ ಪಕ್ಕದಲ್ಲೇ ಇರಬೇಕು. ಎಲ್ಲರೂ ಒಂದೇ ವೇಳೆಗೆ ಸಿಕ್ಕಿಸಿದರೆ ಟ್ರಾನ್ಸ್‌ಫಾರ್ಮರ್ ಮಿತಿ ದಾಟುತ್ತದೆ, ಆದ್ದರಿಂದ ಹೊರೆ ಹಂಚುವ ಚಾರ್ಜರ್‌ಗಳನ್ನೇ ಕೊಳ್ಳಿ. ಲೆಡ್-ಆಸಿಡ್ ಬ್ಯಾಟರಿಗೆ ಈ ತುಂಡು ಚಾರ್ಜಿಂಗ್ ಆಗಿಬರದು; ಅಂಥ ಕಡೆ ಲಿಥಿಯಂ.

ಟರ್ಮಿನಲ್‌ನ ಎಲ್‌ಇಡಿ, ಚಿಲ್ಲರ್ ವಿಚಾರ ಎಲ್ಲರಿಗೂ ಗೊತ್ತು. ಮರೆತುಹೋಗುವುದು ಎಸಿ ಯಂತ್ರಗಳೊಳಗಿನ ಶೈತ್ಯಕ ಅನಿಲ. ಆರ್-410ಎ ಎಂಬ ಅಂಥ ಅನಿಲ 10 ಕೆಜಿ ಸೋರಿದರೆ 20 ಟನ್‌ಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್‌ಗೆ ಸಮ. ತುಂಬಿಸಿದ ಪ್ರತಿ ಸಿಲಿಂಡರನ್ನೂ ತೂಗಿ ಬರೆದಿಡಿ. ಪಿಸಿಎ ಯಂತ್ರಗಳನ್ನೂ ಬಿಡಬೇಡಿ.

ಇನ್ನು ನಿಲ್ದಾಣದ ಹೊರಗಿನ ರಸ್ತೆ. ಕಾರು ನಿಲ್ಲಿಸಿ ಹಾರಿ ಮರಳುವ ಪ್ರಯಾಣಿಕನಿಂದ ಎರಡು ಓಟ. ಮನೆಯವರು ಬಿಟ್ಟು, ಮತ್ತೆ ಬಂದು ಕರೆದೊಯ್ದರೆ ನಾಲ್ಕು. ಆದ್ದರಿಂದ ಪಾರ್ಕಿಂಗ್ ದರವನ್ನಷ್ಟೇ ಏರಿಸಿದರೆ ಓಟ ಹೆಚ್ಚಾಗುವ ಅಪಾಯವಿದೆ. ಇಳಿಸಿ ಹೋಗುವ ಜಾಗಕ್ಕೂ ಶುಲ್ಕವಿರಲಿ, ಆ ಹಣ ಬಸ್ಸಿಗೆ ಹೋಗಲಿ. ಟ್ಯಾಕ್ಸಿಗಳು ಖಾಲಿ ಮರಳದಂತೆ, ಇಳಿಸಿದ ವಾಹನಕ್ಕೇ ಬರುವ ಪ್ರಯಾಣಿಕನನ್ನು ಹತ್ತಿಸುವ ಸರದಿ ಮಾಡಿ. ನೌಕರರನ್ನು ಮರೆಯುವಂತಿಲ್ಲ: ಅವರು ದಿನವೂ ಬರುವವರು, ಬೆಳಗಿನ 4ರ ಶಿಫ್ಟಿಗೆ ಊರಿನ ಬಸ್ಸು ಇರುವುದಿಲ್ಲ. ಶಿಫ್ಟ್ ಬಸ್ಸಿನ ಮೊದಲ ಟ್ರಿಪ್ ಕೆಲಸ ಶುರುವಾಗುವುದಕ್ಕೆ 30 ನಿಮಿಷ ಮೊದಲು, ಟರ್ಮಿನಲ್ ಮುಂದೆ ನಿಲ್ಲದೆ ನೇರ ಸಿಬ್ಬಂದಿ ತಪಾಸಣೆಯ ಬಾಗಿಲಿಗೇ ತಲುಪಲಿ. ಬಸ್ಸಿಳಿದು ಇನ್ನೂ ಒಂದು ಕಿಲೋಮೀಟರ್ ನಡೆಯಬೇಕಾದರೆ ಅವರು ಬೈಕನ್ನೇ ಹತ್ತುತ್ತಾರೆ.