ಪುಣೆಯ ಕಾಲೇಜಿನಲ್ಲಿ ಮೆಕ್ಸಿಕೋದ ಎಡೆ

ಸತ್ತವರನ್ನು ನೆನೆದು ಎಡೆ ಇಡುವ ಮೆಕ್ಸಿಕೋದ ಹಬ್ಬ 'ಮೃತರ ದಿನ'ವನ್ನು ನಮ್ಮ ಕಾಲೇಜಿನಲ್ಲಿ ಆಚರಿಸಿದ ಮೊದಲ ವರ್ಷ ದೊಡ್ಡ ಟೋಪಿ, ಅಂಟು ಮೀಸೆ, ಕಾಗದದ ಪಾಪಾಸುಕಳ್ಳಿ ತಂದು ಕ್ಯಾಂಟೀನನ್ನು ಸಿಂಗರಿಸಿದ್ದೆವು. ಮೆಕ್ಸಿಕೋದಿಂದ ಓದಲು ಬಂದಿದ್ದ ಹುಡುಗಿ ಸುತ್ತಲೂ ನೋಡಿ, "ಫೋಟೋಗಳೆಲ್ಲಿ, ಮೇಡಂ?" ಎಂದಳು. ಒಂದೂ ಇರಲಿಲ್ಲ. ಧಾರವಾಡದ ನಮ್ಮ ಮನೆಯಲ್ಲಿ ಮಹಾಲಯಕ್ಕೆ ಅಜ್ಜನ ಫೋಟೋ ಒರೆಸದೆ ಎಡೆ ಇಟ್ಟದ್ದುಂಟೆ? ಟೋಪಿ, ಮೀಸೆಗಳು ಅಂದೇ ಅಟ್ಟ ಸೇರಿದವು. ನೀವಂತೂ ಅವನ್ನು ಕೊಳ್ಳಲೇಬೇಡಿ.

ಮೃತರ ದಿನ ನವೆಂಬರ್ 1 ಮತ್ತು 2ರಂದು. ಮೊದಲ ದಿನ ತೀರಿಹೋದ ಮಕ್ಕಳಿಗೆ, ಮರುದಿನ ದೊಡ್ಡವರಿಗೆ. ಈ ಆಚರಣೆ 2008ರಿಂದ ಯುನೆಸ್ಕೋದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಯಲ್ಲಿದೆ ಎಂಬುದನ್ನು ಅನುಮತಿ ಪತ್ರದಲ್ಲಿ ಬರೆಯಿರಿ, ಸಹಿ ಬೇಗ ಬೀಳುತ್ತದೆ.

ಎರಡು ವಾರ ಮೊದಲೇ ಫೋಟೋ ಕೇಳಿ. ಬದುಕಿರುವವರದ್ದು ಬೇಡ. ತರಲು ಸಂಕೋಚಪಡುವವರಿಗಾಗಿ ನಾನು ವರ್ಧಾದ ಪಾಂಡುರಂಗ ಖಾನಖೋಜೆ ಅವರ ಫೋಟೋ ಇಡುತ್ತೇನೆ. ಮೆಕ್ಸಿಕೋದಲ್ಲಿ ಮೆಕ್ಕೆಜೋಳದ ಮೇಲೆ ಸಂಶೋಧನೆ ನಡೆಸಿದವರು ಅವರು. ಅಲ್ಲಿಯ ಹೆಸರಾಂತ ಚಿತ್ರಕಾರ ದಿಯೆಗೊ ರಿವೆರಾ ತನ್ನ ಭಿತ್ತಿಚಿತ್ರದಲ್ಲಿ ಅವರಿಗೆ ಜಾಗ ಕೊಟ್ಟಿದ್ದಾನೆ.

ಚೆಂಡು ಹೂವಿಗೆ ಬೆಳಗಿನ ಜಾವವೇ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿಗೆ ಹೋಗಿ. ಈ ಹೂವಿನ ತವರು ಮೆಕ್ಸಿಕೋ ಎಂದರೆ ಯಾರ್ಡಿನಲ್ಲಿ ಹೂ ಮಾರುವ ಮಾವಶಿ ಇಂದಿಗೂ ನಂಬಿಲ್ಲ. "ಹಾಗಾದರೆ ನಮ್ಮ ದಸರಾ?" ಎನ್ನುತ್ತಾಳೆ. ತೊಟ್ಟು ಹಿಡಿದು ತಿರುಚಿದರೆ ಎಸಳೆಲ್ಲ ಒಮ್ಮೆಗೇ ಕೈಗೆ ಬರುತ್ತವೆ. ಬಾಗಿಲಿನಿಂದ ಎಡೆಯ ಮೇಜಿನವರೆಗೆ ಅವನ್ನು ಹಾದಿಯಾಗಿ ಸುರಿಯಿರಿ. ಆ ಬಣ್ಣ, ವಾಸನೆ ಹಿಡಿದೇ ಹಿರಿಯರು ಬರುವರೆಂಬ ನಂಬಿಕೆ.

ಮೇಲೆ ತೂಗುವ ಕತ್ತರಿಸಿದ ಕಾಗದಕ್ಕೆ ಪಾಪೆಲ್ ಪಿಕಾದೊ ಎನ್ನುತ್ತಾರೆ. ಅಲ್ಲಿ ಹಾಳೆಗಳನ್ನು ಅಟ್ಟಿಯಾಗಿಟ್ಟು ಉಳಿಯಿಂದ ಕೊರೆಯುತ್ತಾರೆ. ನಮಗೆ ಗಾಳಿಪಟದ ಕಾಗದ, ಕತ್ತರಿ ಸಾಕು. ಮೂರು ಸಲ ಮಡಚಿ, ಅಂಚಿನಲ್ಲಿ ಅರ್ಧಚಂದ್ರ, ಕೆಳಗೆ ಗರಗಸದ ಹಲ್ಲು ಕತ್ತರಿಸಿ. ಮೇಲೆ ಎರಡು ಬೆರಳು ಜಾಗ ಬಿಟ್ಟರೆ ದಾರದ ಮೇಲೆ ಮಡಚಿ ಅಂಟಿಸಬಹುದು. ಅದರ ನೇರ ಕೆಳಗೆ ಮೇಣದ ಬತ್ತಿ ಬೇಡ. ಒಂದು ಹಾಳೆ ಸುಟ್ಟುಕೊಂಡ ಮೇಲೆ ನಾನು ಬತ್ತಿಗಳನ್ನು ಮರಳಿನ ತಟ್ಟೆಗೆ ಸರಿಸಿದೆ.

ಮೇಜಿನ ಮೇಲೆ ಒಂದು ಲೋಟ ನೀರು, ಒಂದು ಬಟ್ಟಲು ಉಪ್ಪು. ಅವರ ಕೊಪಾಲ್ ಧೂಪದ ಬದಲು ನಮ್ಮ ಸಾಂಬ್ರಾಣಿ ನಡೆಯುತ್ತದೆ. ಮೃತರ ಬ್ರೆಡ್ಡಿಗೆ, ಅಂದರೆ ಪಾನ್ ದೆ ಮುಎರ್ತೊಗೆ, ಬೇಕರಿಯವನಲ್ಲಿ ಸಿಹಿ ಬನ್ನಿನ ಹಿಟ್ಟಿಗೆ ಕಿತ್ತಳೆ ಸಿಪ್ಪೆಯ ತುರಿ ಹಾಕಿಸಿ, ಮೇಲೆ ಎಲುಬಿನಂತೆ ಹಿಟ್ಟಿನ ಪಟ್ಟಿಗಳನ್ನು ಅಡ್ಡಡ್ಡ ಇಡಿಸಿ. "ಎಲುಬು ಯಾಕೆ?" ಎಂದು ಕೇಳಿಯೇ ಕೇಳುತ್ತಾನೆ.

ಇನ್ನು ಹೋದವರು ಇಷ್ಟಪಟ್ಟ ತಿನಿಸು. ಇದನ್ನು ಫೋಟೋ ತಂದವರೇ ತರಬೇಕು. ಕಳೆದ ಸಲ ನಮ್ಮ ಗೇಟಿನ ಕಾವಲುಗಾರ, ವಿಜಯಪುರದವರು, ಪಡಿತರ ಚೀಟಿಯಲ್ಲಿದ್ದ ತಾಯಿಯ ಚಿತ್ರವನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ತಂದಿದ್ದರು. ಮುಖ ಮಸುಕಾಗಿತ್ತು, ಮೂಗುತಿ ಮಾತ್ರ ಸ್ಪಷ್ಟ. ಸಂಜೆ ಪಾಳಿ ಮುಗಿಸಿ ಬಂದು, ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಮೇಜಿನ ಮುಂದೆ ನಿಂತರು. ಜಾಗವಿರಲಿಲ್ಲ. ಆ ಹುಡುಗಿ ತನ್ನ ಅಜ್ಜಿಯ ಬನ್ನನ್ನು ಪಕ್ಕಕ್ಕೆ ಸರಿಸಿದಳು.