ಕೆರೆ ಐದು ವರ್ಷ ನಮ್ಮದು ಅಂದಾಗ

ನಾನು ತುಮಕೂರು ಕಡೆಯ ಒಂದು ಮೀನುಗಾರರ ಸಹಕಾರ ಸಂಘದ ಕಾರ್ಯದರ್ಶಿ. ನಮ್ಮ ಕಡೆ ಕೆರೆಗಳೆಲ್ಲ ಮಳೆ ನಂಬಿಕೊಂಡವು. ಸಣ್ಣ ಕೆರೆಗಳ ಮೀನನ್ನು ಪಂಚಾಯ್ತಿ ಹರಾಜು ಹಾಕುತ್ತದೆ. ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆ 5 ವರ್ಷಕ್ಕೆ ಗುತ್ತಿಗೆ ಕೊಡುತ್ತದೆ. ನಮ್ಮಂಥ ಸಂಘಗಳಿಗೆ ಅಲ್ಲಿ ಆದ್ಯತೆ.

ಎರಡರಲ್ಲೂ ಬಲೆ ಹಾಕಿದ್ದೇನೆ. ಹರಾಜಿನಲ್ಲಿ ಒಂದೇ ವರ್ಷಕ್ಕೆ ಕೆರೆ ಹಿಡಿದವನಿಗೆ ಮುಂದಿನ ವರ್ಷ ಯಾರ ಪಾಲೋ ಗೊತ್ತಿರಲ್ಲ. ಹಾಗಾಗಿ ಸಣ್ಣ ಕಣ್ಣಿನ ಬಲೆ ತಂದು ಸಿಕ್ಕಿದ್ದೆಲ್ಲ ಬಾಚುತ್ತಾನೆ. ನಾವೂ ಹಾಗೇ ಮಾಡಿದ್ದೆವು. ಬೇರೆ ದಾರಿ ಇರಲಿಲ್ಲ.

5 ವರ್ಷದ ಗುತ್ತಿಗೆ ಸಿಕ್ಕ ಮೇಲೆ ಲೆಕ್ಕವೇ ಬದಲಾಯಿತು. ಸಣ್ಣ ಮರಿಗಳನ್ನು ನೇರ ಕೆರೆಗೆ ಬಿಟ್ಟರೆ ಕೊರವ ಮೀನಿಗೆ ಊಟ, ಅಷ್ಟೇ. ಅದಕ್ಕೆ ಕಟ್ಲ, ರೋಹು, ಗೆಂಡೆ ಮರಿಗಳನ್ನು ಕೆರೆ ಪಕ್ಕದ ಗುಂಡಿಯಲ್ಲಿ ಸಾಕಿ, ಬೆರಳುದ್ದ ಆದ ಮೇಲೆ ಬಿಟ್ಟೆವು. ಕಟ್ಲ ಕೆಜಿ ತೂಗುವವರೆಗೆ ಕಾದೆವು. ದೊಡ್ಡ ಮೀನಿಗೆ ಕೆಜಿಗೆ ಬೆಲೆಯೂ ಜಾಸ್ತಿ. ಒಂದು ವರ್ಷ ಮಳೆ ಕೈಕೊಟ್ಟಾಗಲೂ ಗುತ್ತಿಗೆ ಹಣ ಕಟ್ಟಲೇಬೇಕಿತ್ತು. ಮುಂದಿನ ವರ್ಷ ಕೆರೆ ತುಂಬಿದ್ದರಿಂದ ಬದುಕಿಕೊಂಡೆವು.

ಆದರೆ ಮೀನು ನಮ್ಮದು, ನೀರು ನಮ್ಮದಲ್ಲ. ಅಚ್ಚುಕಟ್ಟಿನ ರೈತರು ತೂಬು ಎತ್ತಿದರೆ ನಾವು ಸುಮ್ನೆ ನೋಡಬೇಕು. ಕೆರೆ ತಳ ಕಾಣೋ ಹೊತ್ತಿಗೆ ಮೀನು ಒಟ್ಟಿಗೆ ಹಿಡಿದು, ಸಿಕ್ಕ ಬೆಲೆಗೆ ಮಾರಬೇಕಾಗುತ್ತಿತ್ತು. ಕೊನೆಗೆ ರೈತರ ಜೊತೆ ಕೂತು ಮಾತಾಡಿದೆವು. ತೂಬು ಎತ್ತುವ ಮುಂಚೆ ಹೇಳ್ತಾರೆ, ನಾವು ಸ್ವಲ್ಪ ಸ್ವಲ್ಪವಾಗಿ ಹಿಡೀತೀವಿ. ಕಾಗದ ಇಲ್ಲ, ಬಾಯಿ ಮಾತು. ಕಾಗದಕ್ಕಿಂತ ಗಟ್ಟಿಯಾಗಿ ನಡೀತಿದೆ.

ಊರವರ ಜೊತೆಗೂ ಹೀಗೇ. ಜಿಲೇಬಿ ಮೀನು ನಾವು ಬಿಟ್ಟಿದ್ದಲ್ಲ, ತಾನೇ ಹುಟ್ಟಿ ಬೆಳೆಯುತ್ತದೆ. ಅದನ್ನು ಗಾಳ ಹಾಕಿ ಹಿಡಿಯುವವರನ್ನು ತಡೆಯಲ್ಲ. ಕೋಡಿ ಬಿದ್ದಾಗ ಜಾಲರಿ ಕಟ್ಟುತ್ತೇವೆ. ಅದನ್ನೂ ದಾಟಿ ಹಳ್ಳಕ್ಕೆ ಹೋದ ಮೀನು ಹಿಡಿದವರಿಗೇ. ಕೆಲವು ಸದಸ್ಯರಿಗೆ ಇದು ನಷ್ಟ ಅನಿಸುತ್ತದೆ. ನನ್ನ ಪ್ರಕಾರ ರಾತ್ರಿ ಕಾವಲಿಗೆ ಆಳಿಟ್ಟು ಕೊಡುವ ಕೂಲಿಗಿಂತ ಇದು ಕಡಿಮೆ ಖರ್ಚು. ಕಳ್ಳತನ ನಿಜಕ್ಕೂ ಇಳಿದಿದೆ.

ದೊಡ್ಡ ತಲೆನೋವು ಒಳಗುತ್ತಿಗೆ. ಸಂಘದ ಹೆಸರಲ್ಲಿ ಕೆರೆ, ದುಡ್ಡು ಹೊರಗಿನ ವ್ಯಾಪಾರಿಯದು. "ನೀವೇನೂ ಮಾಡ್ಬೇಡಿ ಸೆಕ್ರೆಟರಿಗಳೇ, ರುಜು ಹಾಕಿ ಸಾಕು" ಅಂತ ನಮ್ಮ ಮನೆಗೂ ಒಬ್ಬರು ಬಂದಿದ್ದರು. ನಿಯಮಕ್ಕೆ ವಿರುದ್ಧ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಮರಿಗೆ, ಬಲೆಗೆ, ಹರಿಗೋಲಿಗೆ ಮೊದಲೇ ದುಡ್ಡು ಬೇಕಲ್ವಾ? ಅಲ್ಲೇ ಸಂಘಗಳು ಸೋಲುತ್ತವೆ. ಕೆರೆಯ ಯಜಮಾನರು ತಮ್ಮದೇ ಕೆರೆಯಲ್ಲಿ ಕೂಲಿಗೆ ಬಲೆ ಎಳೆಯುವಂತಾಗುತ್ತದೆ. ನಾವು ಸದಸ್ಯರಿಂದಲೇ ವಂತಿಗೆ ಎತ್ತಿ, ಮೊದಲ ವರ್ಷ ಕಡಿಮೆ ಮರಿ ಬಿಟ್ಟೆವು. ಲಾಭವೂ ಕಡಿಮೆಯೇ ಬಂತು, ಮನೆಯವರ ಕೈಲಿ ಬೈಸಿಕೊಂಡೆವು.

ಹೆಂಗಸರ ವಿಷಯ ಇನ್ನೂ ಬಗೆಹರಿದಿಲ್ಲ. ಸಂತೆಯಲ್ಲಿ ಕೂತು ಮಾರುವವರು ಅವರೇ, ಆದರೆ ಸದಸ್ಯರ ಪಟ್ಟಿಯಲ್ಲಿ ಬಲೆ ಎಳೆಯುವ ಗಂಡಸರ ಹೆಸರೇ. ಕೆಲವರನ್ನು ಸೇರಿಸಿದ್ದೇವೆ. ಪಾಲು ಎಷ್ಟು ಅನ್ನೋ ಜಗಳ ಪ್ರತಿ ಸಭೆಯಲ್ಲೂ ಇದೆ. ಗುತ್ತಿಗೆ ನವೀಕರಣದ ಅರ್ಜಿ ಹಾಕುವ ಮುಂಚೆ ಅದನ್ನು ತೀರ್ಮಾನಿಸಿ ಅಂತ ಅವರು ಪಟ್ಟು ಹಿಡಿದಿದ್ದಾರೆ. ನಾನೂ ಅವರ ಕಡೆಗೇ ಇದ್ದೇನೆ.